ಮಧುಮೇಹದ ಅಕ್ಷಿಪಟಲ ರೋಗಕ್ಕೆ ಲೇಸರ್ ಚಿಕಿತ್ಸೆ

ಸಕ್ಕರೆ ಕಾಯಿಲೆಯಿಂದ ಹದಗೆಟ್ಟ ಅಕ್ಷಿಪಟಲದ ಮೇಲೆ ಬೆಳಕಿನಿಂದ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಸುಟ್ಟ ಚುಕ್ಕೆಗಳನ್ನಿಟ್ಟು, ಮುಂದೆ ಬರಬಹುದಾದ ಕುರುಡನ್ನು ತಡೆಯುವ ಚಿಕಿತ್ಸೆ. ವೈದ್ಯರು ಇದನ್ನು ಫೋಟೊಕೊಯಾಗ್ಯುಲೇಶನ್ ಎನ್ನುತ್ತಾರೆ. ರೋಗಿಗಳ ಬಾಯಲ್ಲಿ ಇದು ‘ರೆಟಿನಾಕ್ಕೆ ಲೇಸರ್ ಹೊಡೆಸುವುದು’. ಅರ್ಧ ಶತಮಾನಕ್ಕೂ ಮಿಕ್ಕಿ ಬಳಕೆಯಲ್ಲಿರುವ ಈ ಚಿಕಿತ್ಸೆ ದೃಷ್ಟಿಯ ಅಂಚನ್ನು ಅಷ್ಟಿಷ್ಟು ಬಿಟ್ಟುಕೊಟ್ಟು ನಡುವನ್ನು ಕಾಪಾಡುತ್ತದೆ. ಲೇಸರ್ ಆದ ಮೇಲೆ ಕಣ್ಣು ಮೊದಲಿಗಿಂತ ಚೆನ್ನಾಗಿ ಕಾಣಬೇಕೆಂದೇನೂ ಇಲ್ಲ. ಬಹುಪಾಲು ರೋಗಿಗಳಿಗೆ ಹಾಗೆ ಕಾಣುವುದೂ ಇಲ್ಲ.

ಈ ಮಾತನ್ನು ಮೊದಲೇ ಹೇಳಬೇಕಾಗಿರುವುದಕ್ಕೆ ಕಾರಣವುಂಟು. ನಮ್ಮಲ್ಲಿ ಕಣ್ಣಿನ ಚಿಕಿತ್ಸೆ ಎಂದರೆ ಮನಸ್ಸಿಗೆ ಬರುವುದು ಪೊರೆ ತೆಗೆಸುವುದು. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನಡೆಸಿದ ಶಿಬಿರಗಳಿಂದ ಹಿಡಿದು ಇಂದಿನ ತಾಲ್ಲೂಕು ಶಿಬಿರಗಳವರೆಗೆ ಜನ ಕಂಡಿರುವುದು ಒಂದೇ ಬಗೆಯ ದೃಶ್ಯ: ಕಾಣದೆ ಕೈ ಹಿಡಿಸಿಕೊಂಡು ಹೋದ ಅಜ್ಜಿ ಪಟ್ಟಿ ಬಿಚ್ಚಿದ ಮೇಲೆ ತಾನೇ ನಡೆದು ಬಂದಳು. ಪೊರೆಯ ಕುರುಡು ಹಿಂದಕ್ಕೆ ತಿರುಗುವಂಥದು, ವರ್ಷ ತಡವಾಗಿ ಹೋದರೂ ಸಾಮಾನ್ಯವಾಗಿ ಫಲವಿದೆ. ಮಧುಮೇಹದ ಅಕ್ಷಿಪಟಲ ರೋಗದ ನಡೆ ಇದಕ್ಕೆ ತದ್ವಿರುದ್ಧ. ಇಲ್ಲಿ ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ಹೋಗಬೇಕು, ಹೋದದ್ದು ಸಾಮಾನ್ಯವಾಗಿ ಮರಳುವುದಿಲ್ಲ. ಪೊರೆಯ ಲೆಕ್ಕಾಚಾರವನ್ನು ಇಲ್ಲಿಗೂ ತಂದು, ‘ಇನ್ನಷ್ಟು ಮಂಜಾಗಲಿ, ಆಮೇಲೆ ತೋರಿಸೋಣ’ ಎಂದು ಕುಳಿತವರೇ ಹೆಚ್ಚು ಕಳೆದುಕೊಂಡಿದ್ದಾರೆ.

‘ಲೇಸರ್’ ಎಂಬ ಪದವೂ ಗೊಂದಲ ಹುಟ್ಟಿಸುತ್ತದೆ. ಕನ್ನಡಕದ ಪವರ್ ತೆಗೆಯಲು ಕಾರ್ನಿಯಾವನ್ನು ತಿದ್ದುವ ಲೇಸರ್ ಒಂದು, ಪೊರೆ ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳ ಮೇಲೆ ಮಸೂರದ ಹಿಂದೆ ಕಟ್ಟುವ ತೆರೆಯನ್ನು ಸೀಳುವ ಯಾಗ್ ಲೇಸರ್ ಇನ್ನೊಂದು, ಅಕ್ಷಿಪಟಲಕ್ಕೆ ಹೊಡೆಯುವುದು ಮೂರನೆಯದು. ಇವುಗಳ ವ್ಯತ್ಯಾಸ ಇರುವುದು ಬೆಳಕಿನ ಬಣ್ಣದಲ್ಲಿ. ಕಾರ್ನಿಯಾ ತಿದ್ದುವ ಎಕ್ಸಿಮರ್ ಲೇಸರಿನ ತರಂಗದೂರ 193 ನ್ಯಾನೊಮೀಟರ್; ಆ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ. ಅಕ್ಷಿಪಟಲಕ್ಕೆ ಬಳಸುವುದು ಹೆಚ್ಚಾಗಿ 532 ನ್ಯಾನೊಮೀಟರಿನ ಹಸಿರು. ಅದು ಕಾರ್ನಿಯಾ, ಮಸೂರಗಳನ್ನು ಕಿಟಕಿಯ ಗಾಜು ದಾಟುವಂತೆ ದಾಟಿ, ಅಕ್ಷಿಪಟಲದ ಅಡಿಯ ಕಪ್ಪು ವರ್ಣದ್ರವ್ಯವಾದ ಮೆಲನಿನ್ನಿಗೆ ತಾಗಿದಾಗ ಶಾಖವಾಗುತ್ತದೆ. ‘ಪಕ್ಕದ ಮನೆಯವರಿಗೆ ಲೇಸರ್ ಮಾಡಿ ಕನ್ನಡಕವೇ ಬೇಡವೆಂದರು, ನನಗೇಕೆ ಕಾಣಲಿಲ್ಲ’ ಎಂಬ ದೂರಿಗೆ ಉತ್ತರ ಇಲ್ಲಿದೆ.

ರೋಗದ ಬಗೆ: ಅಕ್ಷಿಪಟಲ ಎಂಬುದು ಕಣ್ಣುಗುಡ್ಡೆಯ ಒಳಗೋಡೆಗೆ ಅಂಟಿಕೊಂಡಿರುವ ನರದ ಹಾಸು, ದಪ್ಪ ಸುಮಾರು ಕಾಲು ಮಿಲಿಮೀಟರು. ತೂಕಕ್ಕೆ ಹೋಲಿಸಿದರೆ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬೇಡುವ ಅಂಗಾಂಶಗಳಲ್ಲಿ ಇದೂ ಒಂದು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಇದರ ಲೋಮನಾಳಗಳ ಗೋಡೆಗೆ ಒತ್ತಾಸೆಯಾಗಿರುವ ಪೆರಿಸೈಟ್ ಎಂಬ ಕೋಶಗಳು ಸಾಯುತ್ತವೆ. ಒತ್ತಾಸೆ ತಪ್ಪಿದ ಗೋಡೆ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿ, ಜಿನುಗಿ, ಒಡೆದು ಸಣ್ಣ ರಕ್ತದ ಚುಕ್ಕೆಗಳಾಗುತ್ತವೆ. ಕೊಬ್ಬಿನಂಶ ಹೊರಬಂದು ಹಳದಿ ಕಲೆಯಾಗಿ ಕೂರುತ್ತದೆ. ಈ ಹಂತದಲ್ಲಿ ರೋಗಿಗೆ ನೋವಿಲ್ಲ, ಮಂಜಿಲ್ಲ, ಬಹುತೇಕ ಏನೂ ಗೊತ್ತಾಗುವುದಿಲ್ಲ.

ಅಲ್ಲಿಂದ ಮುಂದೆ ಕಣ್ಣು ಎರಡು ದಾರಿಯಲ್ಲಿ ಕೆಡಬಹುದು. ಓದುವ, ಮುಖ ಗುರುತಿಸುವ ಕೆಲಸದ ಮ್ಯಾಕ್ಯುಲಾ ಎಂಬ ನಡುಭಾಗದಲ್ಲಿ ನೀರು ತುಂಬಿ ಊತ ಬರುವುದು ಒಂದು. ಇನ್ನೊಂದು ಹೆಚ್ಚು ಅಪಾಯದ್ದು. ಲೋಮನಾಳಗಳು ಮುಚ್ಚಿಹೋಗಿ ಅಕ್ಷಿಪಟಲದ ದೊಡ್ಡ ಪಾಲಿಗೆ ಆಮ್ಲಜನಕ ಸಾಲದೆ ಬಂದಾಗ ಆ ಜಾಗ ಹೊಸ ರಕ್ತನಾಳಗಳಿಗಾಗಿ ರಾಸಾಯನಿಕ ಕರೆ ಕಳುಹಿಸುತ್ತದೆ. ಹೊಸ ನಾಳಗಳೇನೋ ಹುಟ್ಟುತ್ತವೆ, ಆದರೆ ಬೇಕಾದಲ್ಲಿ ಅಲ್ಲ. ಅವು ಅಕ್ಷಿಪಟಲ ಬಿಟ್ಟು, ಕಣ್ಣುಗುಡ್ಡೆಯನ್ನು ತುಂಬಿರುವ ವಿಟ್ರಿಯಸ್ ಎಂಬ ಲೋಳೆಯ ಮೇಲೆ ಬಳ್ಳಿಯಂತೆ ಹಬ್ಬುತ್ತವೆ. ತೀರಾ ನವಿರಾದ ಗೋಡೆ. ಒಂದು ಬೆಳಗ್ಗೆ ಒಡೆದು ಕಣ್ಣಿನೊಳಗೆ ರಕ್ತ ಹರಡುತ್ತದೆ. ರೋಗಿಗೆ ಮೊದಲು ಕಾಣುವುದು ಜೇಡರ ಬಲೆಯಂಥ ಕಪ್ಪು ಎಳೆಗಳು, ಇಲ್ಲವೆ ಹೊಗೆಯಂಥ ತೆರೆ. ಈ ನಾಳಗಳ ಜೊತೆ ಬೆಳೆದ ನಾರು ಕಾಲಕ್ರಮದಲ್ಲಿ ಸೆಟೆದು ಅಕ್ಷಿಪಟಲವನ್ನೇ ಎಳೆದು ಕಿತ್ತರೆ ಕುರುಡು ಖಾಯಂ. ಹೊಸ ನಾಳಗಳು ಪಾಪೆಯ ಸುತ್ತಲಿನ ಐರಿಸ್ಸಿನ ಮೇಲೆ ಬೆಳೆದರೆ ಕಣ್ಣಿನೊತ್ತಡ ಏರಿ, ನೋವಿನ ಗ್ಲಾಕೋಮಾ ಬರುತ್ತದೆ.

ಇತಿಹಾಸ: 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಜೀವಂತ ಕಣ್ಣಿನ ಒಳಗನ್ನು ನೋಡುವ ಉಪಕರಣ ತಯಾರಿಸಿದ ಕೆಲವೇ ವರ್ಷಗಳಲ್ಲಿ ಮಧುಮೇಹಿಗಳ ಅಕ್ಷಿಪಟಲದ ಕಲೆಗಳು ವರದಿಯಾದವು. ಆದರೂ ಆಗ ಇದು ಅಪರೂಪದ ಕಾಯಿಲೆ, ಏಕೆಂದರೆ ಕಣ್ಣು ಕೆಡುವಷ್ಟು ಕಾಲ ರೋಗಿಗಳೇ ಬದುಕುತ್ತಿರಲಿಲ್ಲ. 1922ರಲ್ಲಿ ಇನ್ಸುಲಿನ್ ಬಳಕೆಗೆ ಬಂತು, ಜನ ಬದುಕಿಕೊಂಡರು, ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಅವರ ಕಣ್ಣು ಹೋಗತೊಡಗಿತು. ವೈದ್ಯರ ಕೈಯಲ್ಲಿ ಮದ್ದಿರಲಿಲ್ಲ. 1953ರಲ್ಲಿ ಡೆನ್ಮಾರ್ಕಿನ ಪೌಲ್ಸೆನ್ ಎಂಬ ವೈದ್ಯರು ಒಬ್ಬ ಬಾಣಂತಿಯ ವಿಚಾರ ಬರೆದರು. ಹೆರಿಗೆಯ ರಕ್ತಸ್ರಾವದಿಂದ ಆಕೆಯ ಪಿಟ್ಯೂಟರಿ ಗ್ರಂಥಿ ಸತ್ತಿತ್ತು, ಅದರ ಬೆನ್ನಿಗೇ ಅಕ್ಷಿಪಟಲ ರೋಗ ಇಳಿದಿತ್ತು. ಇದನ್ನು ಓದಿದ ಶಸ್ತ್ರವೈದ್ಯರು ಕಣ್ಣು ಉಳಿಸಲೆಂದು ಮಿದುಳಿನ ಬುಡದ ಗ್ರಂಥಿಯನ್ನೇ ತೆಗೆಯಲು ಹೊರಟರು. ಲೇಸರಿಗೆ ಮುಂಚಿನ ಹತಾಶೆ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಳಕಿನ ದಾರಿ ತೆರೆದದ್ದು ಜರ್ಮನಿಯಲ್ಲಿ, ಗ್ರಹಣದ ನೆಪದಲ್ಲಿ. 1945ರ ಜುಲೈ 9ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಮ್ಯಾಕ್ಯುಲಾ ಸುಟ್ಟುಕೊಂಡ ವಿದ್ಯಾರ್ಥಿಯೊಬ್ಬನನ್ನು ಗೆರ್ಹಾರ್ಡ್ ಮೇಯರ್-ಶ್ವಿಕೆರಾತ್ ಎಂಬ ತರುಣ ನೇತ್ರವೈದ್ಯರು ಪರೀಕ್ಷಿಸಿದರು. ಗ್ರಹಣ ನೋಡಬೇಡಿ ಎಂದು ಹಿರಿಯರು ಗದರುವುದು ನಮಗೆಲ್ಲ ಗೊತ್ತು. ಆ ವೈದ್ಯರಿಗೆ ಹೊಳೆದದ್ದು ಬೇರೆಯೇ. ಬಿಸಿಲು ಇಷ್ಟು ಅಚ್ಚುಕಟ್ಟಾಗಿ ಸುಡುವುದಾದರೆ, ಬೇಕಾದ ಜಾಗದಲ್ಲಿ ಬೇಕಾದಷ್ಟೇ ಸುಟ್ಟು ಹರಿದ ಅಕ್ಷಿಪಟಲವನ್ನು ಬೆಸೆಯಬಾರದೇಕೆ? 1949ರಲ್ಲಿ ಹ್ಯಾಂಬರ್ಗಿನ ಆಸ್ಪತ್ರೆಯ ಮಾಳಿಗೆಯ ಮೇಲೆ ಸೂರ್ಯನನ್ನು ಹಿಂಬಾಲಿಸುವ ಕನ್ನಡಿ ಇಟ್ಟು, ಬಿಸಿಲನ್ನು ರೋಗಿಯ ಕಣ್ಣಿಗೆ ಇಳಿಸಿದರು. ಹ್ಯಾಂಬರ್ಗಿನಲ್ಲಿ ಬಿಸಿಲಿಗೇ ಬರ. ಹಾಗಾಗಿ ಕಾರ್ಬನ್ ದೀಪಕ್ಕೆ, ಅಲ್ಲಿಂದ 1950ರ ದಶಕದ ನಡುವಿನಲ್ಲಿ ತ್ಸೈಸ್ ಕಂಪನಿ ತಯಾರಿಸಿದ ಕ್ಸೆನಾನ್ ದೀಪಕ್ಕೆ ಬದಲಾಯಿಸಿಕೊಂಡರು. ಅದು ಬೆಳ್ಳಗಿನ, ಒರಟಾದ ಬೆಳಕು. ಚುಕ್ಕೆ ದೊಡ್ಡದು, ನೋವು ಹೆಚ್ಚು.

1960ರ ಮೇ ತಿಂಗಳಲ್ಲಿ ಥಿಯೊಡೋರ್ ಮೇಮನ್ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಲೇಸರನ್ನು ಬೆಳಗಿಸಿದರು. ಅದರ ಹರಳು ಮಾಣಿಕ್ಯ, ಬೆಳಕು ಕೆಂಪು. ವರ್ಷ ಒಂದೆರಡರಲ್ಲೇ ಅದು ಕಣ್ಣಾಸ್ಪತ್ರೆಗೆ ಬಂತು. ಆದರೆ ಕೆಂಪು ಬೆಳಕನ್ನು ಕೆಂಪು ರಕ್ತ ಅಷ್ಟಾಗಿ ಹೀರುವುದಿಲ್ಲ. 1968ರಲ್ಲಿ ನ್ಯೂಯಾರ್ಕಿನ ಫ್ರಾನ್ಸಿಸ್ ಲೆಸ್ಪೆರಾನ್ಸ್ ನೀಲಿ-ಹಸಿರು ಬೆಳಕಿನ ಆರ್ಗಾನ್ ಲೇಸರನ್ನು ರೋಗಿಗಳಿಗೆ ಬಳಸಿದ ಮೇಲೆ ದಾರಿ ಸಲೀಸಾಯಿತು. ಮುಂದಿನ ಎರಡು ದಶಕ ಆರ್ಗಾನಿನದೇ ರಾಜ್ಯ.

ಉಪಕರಣಕ್ಕಿಂತ ದೊಡ್ಡ ಪ್ರಶ್ನೆ ಎಲ್ಲಿ ಸುಡಬೇಕು ಎಂಬುದಾಗಿತ್ತು. ಮೊದಲು ಎಲ್ಲರೂ ಹೊಸ ನಾಳಗಳಿಗೇ ಗುರಿಯಿಟ್ಟರು. ಬಾಸ್ಟನ್ನಿನ ಜಾಸ್ಲಿನ್ ಕ್ಲಿನಿಕ್‌ನ ಬೀಥಮ್ ಮತ್ತು ಲಾಯ್ಡ್ ಐಯೆಲೊ ಬೇರೊಂದನ್ನು ಗಮನಿಸಿದ್ದರು. ಹಳೆಯ ಸೋಂಕಿನಿಂದ ಅಕ್ಷಿಪಟಲದ ತುಂಬ ಗಾಯದ ಕಲೆಯಿರುವ ಕಣ್ಣಿಗೆ, ತೀವ್ರ ಸಮೀಪದೃಷ್ಟಿಯ ಕಣ್ಣಿಗೆ ಈ ರೋಗ ಅಷ್ಟಾಗಿ ತಟ್ಟುವುದಿಲ್ಲ. ಹಾಗಿದ್ದರೆ ಕಲೆಯನ್ನು ನಾವೇ ಮಾಡಿದರೆ? 1967ರಿಂದ ಅವರು ಹೊಸ ನಾಳಗಳನ್ನು ಬಿಟ್ಟು, ಅಕ್ಷಿಪಟಲದ ಹೊರವಲಯದ ಉದ್ದಗಲಕ್ಕೂ ಚುಕ್ಕೆ ಚೆಲ್ಲಿದರು. ಮುಟ್ಟದೆ ಬಿಟ್ಟ ಹೊಸ ನಾಳಗಳು ತಾವಾಗಿ ಬಾಡಿದವು. ಈ ಲೇಖಕನ ದೃಷ್ಟಿಯಲ್ಲಿ ಇಡೀ ಚಿಕಿತ್ಸೆಯ ನಿಜವಾದ ಆವಿಷ್ಕಾರ ಇದೇ. ಲೇಸರ್ ಇದಕ್ಕೆ ಒದಗಿದ ಉಳಿ ಅಷ್ಟೆ.

ಆರೋಗ್ಯವಾಗಿರುವ ಅಕ್ಷಿಪಟಲವನ್ನು ಬೇಕೆಂದೇ ಸುಡುವುದನ್ನು ಅನೇಕರು ಒಪ್ಪಲಿಲ್ಲ. ಹೀಗಾಗಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ 1970ರ ದಶಕದಲ್ಲಿ 15 ಕೇಂದ್ರಗಳಲ್ಲಿ 1,700ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ನಡೆಸಿತು. ಪ್ರತಿ ರೋಗಿಯ ಒಂದು ಕಣ್ಣಿಗೆ ಚಿಕಿತ್ಸೆ, ಇನ್ನೊಂದಕ್ಕೆ ಇಲ್ಲ. ಯಾವುದಕ್ಕೆ ಎಂಬುದು ಚೀಟಿ ಎತ್ತಿದಂತೆ. 1976ರ ಹೊತ್ತಿಗೆ ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕೂ ಕಡಿಮೆಯಾಗಿರುವುದು ಸ್ಪಷ್ಟವಾಯಿತು. ಹೆಚ್ಚು ಅಪಾಯದ ಹಂತ ತಲುಪಿದ ಕಣ್ಣುಗಳನ್ನು ಹಾಗೇ ಬಿಟ್ಟಾಗ ಎರಡು ವರ್ಷದಲ್ಲಿ ನಾಲ್ಕನೇ ಒಂದು ಪಾಲು ಕುರುಡಿನ ಅಂಚಿಗೆ ಹೋಗಿದ್ದವು. ಫಲಿತಾಂಶ ಎಷ್ಟು ಖಚಿತವಾಗಿತ್ತೆಂದರೆ ನಿಯಮವನ್ನು ನಡುವಿನಲ್ಲೇ ಬದಲಿಸಿ, ಬಿಟ್ಟಿದ್ದ ಕಣ್ಣಿಗೂ ಬೇಕಾದಲ್ಲಿ ಚಿಕಿತ್ಸೆ ಕೊಡಲಾಯಿತು. 3,711 ರೋಗಿಗಳ ಮುಂದಿನ ಅಧ್ಯಯನ, ಮ್ಯಾಕ್ಯುಲಾದ ಊತಕ್ಕೆ ಜಿನುಗುವ ಜಾಗಗಳನ್ನಷ್ಟೇ ಆರಿಸಿ ಹಗುರಾಗಿ ಸುಟ್ಟರೆ ದೃಷ್ಟಿ ಇಳಿಯುವ ಸಂಭವ ಅರ್ಧಕ್ಕಿಳಿಯುವುದೆಂದು 1985ರಲ್ಲಿ ತೋರಿಸಿತು.

ಸುಡುವುದರಿಂದ ಹೇಗೆ ಉಳಿಯುತ್ತದೆ ಎಂಬುದಕ್ಕೆ ವಿವರಣೆ ಬಂದದ್ದು ಆಮೇಲೆ. ಬೆಳಕು ಗ್ರಹಿಸುವ ಹೊರಪದರದ ಕೋಶಗಳೇ ಆಮ್ಲಜನಕದ ದೊಡ್ಡ ಗಿರಾಕಿಗಳು. ಅವುಗಳಲ್ಲಿ ಕೆಲವನ್ನು ಕೊಂದರೆ ಅಡಿಯ ಕೋರಾಯ್ಡ್ ಪದರದ ಆಮ್ಲಜನಕ ಆ ಚುಕ್ಕೆಗಳ ಮೂಲಕ ಒಳಪದರಕ್ಕೆ ಸೋರಿ ಬರುತ್ತದೆ. ಐಸ್‌ಲ್ಯಾಂಡಿನ ಐನಾರ್ ಸ್ಟೆಫಾನ್ಸನ್ ಇದನ್ನು ವಿವರವಾಗಿ ಪ್ರತಿಪಾದಿಸಿದರು. ಬರಗಾಲದಲ್ಲಿ ಕೆರೆಯ ಕೊನೆಯ ಗದ್ದೆಗಳನ್ನು ಬೀಳು ಬಿಟ್ಟು ಉಳಿದವಕ್ಕೆ ನೀರು ಹಾಯಿಸಿದ ಹಾಗೆ. ಹೊಸ ನಾಳಗಳನ್ನು ಕರೆಯುವ ರಾಸಾಯನಿಕ ವಿಇಜಿಎಫ್ ಎಂಬ ಪ್ರೋಟೀನ್. ಈ ರೋಗಿಗಳ ಕಣ್ಣಿನ ದ್ರವದಲ್ಲಿ ಅದು ಏರಿರುವುದನ್ನೂ ಲೇಸರ್ ಆದ ಮೇಲೆ ಇಳಿಯುವುದನ್ನೂ 1994ರಲ್ಲಿ ತೋರಿಸಿದ ತಂಡದ ಮುಂದಾಳು ಲಾಯ್ಡ್ ಪಾಲ್ ಐಯೆಲೊ. ಚುಕ್ಕೆ ಚೆಲ್ಲಿದ ಐಯೆಲೊ ಅವರ ಮಗ. ತಂದೆ ಮಾಡಿದ್ದು ಏಕೆ ಫಲಿಸಿತೆಂಬುದನ್ನು ಮಗ ಕಂಡುಹಿಡಿದಂತಾಯಿತು.

ಚಿಕಿತ್ಸೆಯ ದಿನ: ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿಯಬೇಕಾಗಿಲ್ಲ, ಹೊರರೋಗಿಯಾಗಿ ಹೋಗಿ ಬರಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಂಡು, ಊಟ ತಿಂಡಿ ಮಾಡಿ, ಕೈಯಲ್ಲಿ ಎರಡು ಬಿಸ್ಕತ್ತು ಇಟ್ಟುಕೊಂಡು ಹೋಗುವುದು ಜಾಣತನ. ಪಾಪೆ ಅರಳಿಸುವ ಹನಿ ಹಾಕಿ ಕೂರಿಸಿದ ಮೇಲೆ ಕಾಯುವುದು ಅರ್ಧ ಗಂಟೆಗೂ ಮೀರಬಹುದು, ಮಧುಮೇಹಿಗಳ ಪಾಪೆ ಅರಳುವುದೂ ಸ್ವಲ್ಪ ಸಾವಕಾಶ. ಆ ಹೊತ್ತಿನಲ್ಲಿ ಸಕ್ಕರೆ ಇಳಿದು ತಲೆ ತಿರುಗಿದರೆ ಲೇಸರಿಗಿಂತ ಅದೇ ಫಜೀತಿ. ಜೊತೆಗೊಬ್ಬರು ಇರಬೇಕು, ಅವತ್ತು ಗಾಡಿ ಓಡಿಸುವಂತಿಲ್ಲ.

ಚಿಕಿತ್ಸೆಗೆ ಮುಂಚೆ ಅಕ್ಷಿಪಟಲದ ನಕ್ಷೆ ಬೇಕು. ಪದರಗಳನ್ನು ಸೀಳಿದಂತೆ ತೋರಿಸುವ ಓಸಿಟಿ ಸ್ಕ್ಯಾನ್ ಈಗ ಎಲ್ಲೆಡೆ ರೂಢಿ. ಬೇಕೆನಿಸಿದರೆ ತೋಳಿನ ನಾಳಕ್ಕೆ ಫ್ಲೋರೆಸೀನ್ ಬಣ್ಣ ಚುಚ್ಚಿ, ಅದು ಕಣ್ಣಿನ ನಾಳಗಳಲ್ಲಿ ಹರಿಯುವುದನ್ನು, ಎಲ್ಲಿ ಜಿನುಗುತ್ತದೆ ಎಂಬುದನ್ನು ಚಿತ್ರ ತೆಗೆಯುತ್ತಾರೆ. 1961ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ನೊವೊಟ್ನಿ ಮತ್ತು ಆಲ್ವಿಸ್ ಆಗಿನ್ನೂ ಇಂಡಿಯಾನಾದ ವೈದ್ಯ ವಿದ್ಯಾರ್ಥಿಗಳು. ಮೊದಲ ಚಿತ್ರ ಆಲ್ವಿಸ್ ಅವರದೇ ಕಣ್ಣಿನದು. ಬಣ್ಣ ಚುಚ್ಚಿದ ದಿನ ಚರ್ಮ, ಮೂತ್ರ ಹಳದಿಯಾದರೆ ಕಾಮಾಲೆ ಬಂತೆಂದು ಗಾಬರಿಯಾಗಬೇಕಿಲ್ಲ.

ಲೇಸರ್ ಕೋಣೆಯಲ್ಲಿ ರೋಗಿ ಸ್ಟೂಲಿನ ಮೇಲೆ ಕುಳಿತು ಗಲ್ಲವನ್ನು ಯಂತ್ರದ ಪಟ್ಟಿಯ ಮೇಲಿಟ್ಟು ಹಣೆಯನ್ನು ಮುಂದಕ್ಕೆ ಒತ್ತುತ್ತಾನೆ. ಕಣ್ಣಿಗೆ ಮರಗಟ್ಟಿಸುವ ಹನಿ ಬೀಳುತ್ತದೆ. ವೈದ್ಯರು ಲೋಳೆಯಂಥ ಜೆಲ್ ಹಚ್ಚಿದ ದಪ್ಪ ಮಸೂರವೊಂದನ್ನು ನೇರವಾಗಿ ಕಣ್ಣಿನ ಮೇಲೆ ಇಟ್ಟು ಹಿಡಿಯುತ್ತಾರೆ. ರೆಪ್ಪೆ ಮುಚ್ಚಲಾಗದು, ಮುಚ್ಚುವ ಅಗತ್ಯವೂ ಇಲ್ಲ. ಹಸಿರು ಮಿಂಚು ಒಂದರ ಹಿಂದೊಂದು, ಪ್ರತಿಯೊಂದಕ್ಕೂ ಯಂತ್ರದ ‘ಟಿಕ್’. ಹಳೆಯ ಕ್ರಮದಲ್ಲಿ ಅರ್ಧ ಮಿಲಿಮೀಟರು ಅಗಲದ 1,200ರಿಂದ 1,600 ಚುಕ್ಕೆ ಬೇಕಿತ್ತು. ಪ್ರತಿ ಚುಕ್ಕೆಗೆ ಸೆಕೆಂಡಿನ ಹತ್ತನೇ ಒಂದು ಪಾಲು. 2000ದ ದಶಕದ ನಡುವೆ ಬಂದ ಪ್ಯಾಟರ್ನ್ ಲೇಸರ್ ಪೆಡಲನ್ನು ಒಮ್ಮೆ ತುಳಿದರೆ ರಂಗೋಲಿಯ ಚುಕ್ಕೆಯಂತೆ ಒಂದು ಹಿಡಿ ಚುಕ್ಕೆಗಳನ್ನು ಸಾಲಾಗಿ ಇಡುತ್ತದೆ. ಪ್ರತಿಯೊಂದಕ್ಕೂ 20 ಮಿಲಿಸೆಕೆಂಡು ಸಾಕು. ಶಾಖ ಆಳಕ್ಕೆ ಹರಡದೆ ನೋವು ಕಡಿಮೆ. ಆದರೆ ಚುಕ್ಕೆ ಸಣ್ಣದಾದ್ದರಿಂದ ಎರಡು ಸಾವಿರ ಮೀರಿ ಹೊಡೆಯಬೇಕಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ಸಿಟ್ಟಿಂಗ್‌ಗಳಲ್ಲಿ ಮುಗಿಸುತ್ತಾರೆ. ಒಂದೇ ಸಲ ಸುಟ್ಟರೆ ಮ್ಯಾಕ್ಯುಲಾ ಊದಿಕೊಳ್ಳುವ ಭಯವಿದೆ.

ನೋವಾಗುತ್ತದೆಯೇ? ‘ಏನೂ ಆಗಲ್ಲ’ ಎಂದು ಧೈರ್ಯ ಹೇಳುವುದು ರೂಢಿ, ಅದು ಪೂರ್ತಿ ನಿಜವಲ್ಲ. ಮ್ಯಾಕ್ಯುಲಾದ ಹಗುರ ಚಿಕಿತ್ಸೆಯಲ್ಲಿ ನೋವಿಲ್ಲವೆಂದೇ ಹೇಳಬಹುದು. ಹೊರವಲಯಕ್ಕೆ ಹೋದಾಗ, ಅದರಲ್ಲೂ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಉದ್ದನೆಯ ನರಗಳು ಹಾದುಹೋಗುವುದರಿಂದ, ಕಣ್ಣಿನ ಹಿಂದೆ ಸೂಜಿ ಚುಚ್ಚಿದಂತೆ ಚುರುಕ್ ಎನ್ನುತ್ತದೆ. ಮರಗಟ್ಟಿಸುವ ಹನಿ ಅಷ್ಟು ಆಳಕ್ಕೆ ತಲುಪುವುದಿಲ್ಲ. ತಡೆಯಲಾಗದಿದ್ದರೆ ಬಾಯಿಬಿಟ್ಟು ಹೇಳಬೇಕು: ಶಕ್ತಿ ತಗ್ಗಿಸಬಹುದು, ಅವಧಿ ತಗ್ಗಿಸಬಹುದು, ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟು ಪೂರ್ತಿ ಮರಗಟ್ಟಿಸಬಹುದು. ಮೌನವಾಗಿ ಸಹಿಸುತ್ತ ಥಟ್ಟನೆ ತಲೆ ಹಿಂದೆಳೆಯುವುದು ಮಾತ್ರ ಅಪಾಯ, ಚುಕ್ಕೆ ಬೀಳಬಾರದ ಕಡೆ ಬಿದ್ದೀತು.

ಎದ್ದಾಗ ಕೆಲವು ನಿಮಿಷ ಲೋಕವೆಲ್ಲ ಗುಲಾಬಿಯೋ ನೇರಳೆಯೋ ಆಗಿ ಕಾಣುತ್ತದೆ. ಮಂಜು ಕೆಲವು ಗಂಟೆಗಳಿಂದ ಒಂದೆರಡು ದಿನ. ಹೊಸ ನಾಳಗಳು ಬಾಡಲು ವಾರಗಳು ಹಿಡಿಯುತ್ತವೆ. ಆ ನಡುವೆ, ಚಿಕಿತ್ಸೆ ಸರಿಯಾಗಿ ಆಗಿದ್ದರೂ, ಹಳೆಯ ನಾಳ ಒಡೆದು ರಕ್ತ ಬರಬಹುದು. ‘ಲೇಸರ್ ಹೊಡೆಸಿದ್ದರಿಂದಲೇ ಕಣ್ಣು ಹೋಯಿತು’ ಎಂಬ ಊರ ಮಾತಿನ ಬಹುಪಾಲು ಹುಟ್ಟುವುದು ಈ ವಾರಗಳಲ್ಲಿ.

ತೆರುವ ಬೆಲೆ: ಕತ್ತಲಿಗೆ ಕಣ್ಣು ಹೊಂದಿಕೊಳ್ಳುವುದು ನಿಧಾನವಾಗುತ್ತದೆ. ಸಂಜೆ ಹೊತ್ತು ಮೆಟ್ಟಿಲು ಇಳಿಯುವಾಗ, ಸಿನಿಮಾ ಮಂದಿರಕ್ಕೆ ಹೊಕ್ಕಾಗ ತಡಕಾಡಬೇಕಾಗುತ್ತದೆ. ಅಕ್ಕಪಕ್ಕದ ನೋಟ ಸ್ವಲ್ಪ ಕುಗ್ಗುತ್ತದೆ. ಬ್ರಿಟನ್ನಿನಲ್ಲಿ ಎರಡೂ ಕಣ್ಣಿಗೆ ಈ ಲೇಸರ್ ಆದವರು ವಾಹನ ಪರವಾನಗಿ ಸಂಸ್ಥೆಗೆ ತಿಳಿಸಲೇಬೇಕು. ನಮ್ಮ ರಾತ್ರಿಯ ಹೆದ್ದಾರಿಗಳಲ್ಲಿ ಲಾರಿ, ಟ್ಯಾಕ್ಸಿ ಓಡಿಸಿ ಬದುಕುವವರಿಗೆ ವೈದ್ಯರು ಇದನ್ನು ಮುಂಚೆಯೇ ಹೇಳಬೇಕು. ಬಣ್ಣಗಳ ಸೂಕ್ಷ್ಮ ಭೇದ, ಹತ್ತಿರದ ಓದು ಕೆಲವರಿಗೆ ತೊಡಕಾಗುವುದುಂಟು.

ರಕ್ತ ಆಗಲೇ ತುಂಬಿ ಒಳಗೇನೂ ಕಾಣದ ಕಣ್ಣಿಗೆ, ಇಲ್ಲವೆ ಅಕ್ಷಿಪಟಲ ಎಳೆದು ಕಿತ್ತಿರುವ ಕಣ್ಣಿಗೆ ಸ್ಟೂಲಿನ ಮೇಲಿನ ಲೇಸರ್ ಸಾಲದು. ಅಲ್ಲಿ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆ ಮಾಡಿ ಒಳಗಿನಿಂದಲೇ ಲೇಸರ್ ಹೊಡೆಯುತ್ತಾರೆ. ಈ ಶಸ್ತ್ರಚಿಕಿತ್ಸೆಯನ್ನು 1970ರ ಸುಮಾರಿಗೆ ಮಯಾಮಿಯಲ್ಲಿ ರೂಪಿಸಿದವರು ರಾಬರ್ಟ್ ಮಾಕೆಮರ್.

ಇನ್ನು ಸಕ್ಕರೆ, ಬಿ.ಪಿ. ಹತೋಟಿ. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸಕ್ಕರೆಯ ಬಿಗಿ ಹತೋಟಿ ಹೊಸದಾಗಿ ರೋಗ ಹುಟ್ಟುವ ಸಂಭವವನ್ನು 76% ಇಳಿಸಿತ್ತು. ಲೇಸರ್ ಆಯಿತೆಂದು ಇದನ್ನು ಕೈಬಿಟ್ಟರೆ ಚುಕ್ಕೆ ಚೆಲ್ಲಿದ್ದು ವ್ಯರ್ಥ.

ಭಾರತದಲ್ಲಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಂದಾಜಿನಂತೆ ದೇಶದ ಮಧುಮೇಹಿಗಳು ಸುಮಾರು 10.1 ಕೋಟಿ. 50 ದಾಟಿದ ಮಧುಮೇಹಿಗಳಲ್ಲಿ 16.9% ಜನರಿಗೆ ಅಕ್ಷಿಪಟಲ ರೋಗವಿರುವುದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡಿತು. ಇಷ್ಟು ಜನರ ಕಣ್ಣನ್ನು ಅಕ್ಷಿಪಟಲ ತಜ್ಞರೇ ನೋಡುವುದು ಆಗದ ಮಾತು. ಬೆಂಗಳೂರಿನ ಮಿಂಟೊದಂಥ ದೊಡ್ಡ ಆಸ್ಪತ್ರೆಗಳಿಗೆ ಕಣ್ಣು ಮಂಜಾದ ಮೇಲೆ ಬರುವವರ ಸಾಲು ಉದ್ದವಿದೆ. ಮಂಜಾಗುವ ಮುಂಚೆ ಹಿಡಿಯಲು ಬೇಕಾದ ಕ್ಯಾಮೆರಾಗಳೂ ಈ ಊರಿನಲ್ಲೇ ತಯಾರಾಗುತ್ತವೆ. ಫೋರಸ್ ಹೆಲ್ತ್ ಸಂಸ್ಥೆಯ ‘3ನೇತ್ರ’, ರೆಮಿಡಿಯೊ ಸಂಸ್ಥೆಯ ಮೊಬೈಲ್ ಫೋನಿಗೆ ಜೋಡಿಸುವ ಕ್ಯಾಮೆರಾ ಇವುಗಳಲ್ಲಿ ಹೆಸರಾದವು. ಚಿತ್ರ ತೆಗೆಯಲು ವೈದ್ಯರೇ ಬೇಕಿಲ್ಲ, ತರಬೇತಾದ ಸಹಾಯಕರು ಸಾಕು. ನಡುವಯಸ್ಸಿನಲ್ಲಿ ಬರುವ ಬಗೆಯ ಮಧುಮೇಹವಾದರೆ ಕಾಯಿಲೆ ಗೊತ್ತಾದ ವರ್ಷವೇ, ಎಳವೆಯಲ್ಲಿ ಬರುವ ಬಗೆಯಾದರೆ ಐದು ವರ್ಷದೊಳಗೆ ಮೊದಲ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಇದು ಒಪ್ಪಿತವಾದ ನಿಯಮ. ಮೊದಲೇ ಮಧುಮೇಹವಿದ್ದ ಹೆಂಗಸು ಬಸುರಾದರೆ ಇನ್ನೂ ಬೇಗ ಬೇಗ ನೋಡಿಸಬೇಕು.

ಲೇಸರ್ ಮತ್ತು ಇಂಜೆಕ್ಷನ್: ವಿಇಜಿಎಫ್‌ಗೆ ತಡೆಯೊಡ್ಡುವ ರಾನಿಬಿಜುಮಾಬ್, ಬೆವಾಸಿಜುಮಾಬ್, ಅಫ್ಲಿಬರ್ಸೆಪ್ಟ್ ಮದ್ದುಗಳು ಬಂದ ಮೇಲೆ ಲೇಸರಿನ ಗದ್ದುಗೆ ಅಲುಗಿದೆ. ಮ್ಯಾಕ್ಯುಲಾದ ನಟ್ಟನಡುವೆ ಊತವಿದ್ದರೆ ಈಗ ಮೊದಲ ಆಯ್ಕೆ ಕಣ್ಣಿನೊಳಗಿನ ಇಂಜೆಕ್ಷನ್ನೇ. ಅದು ದೃಷ್ಟಿಯನ್ನು ಮೇಲೇರಿಸಲೂ ಬಲ್ಲದು. ಹೊಸ ನಾಳ ಹುಟ್ಟಿದ ಕಣ್ಣಿಗೂ ಇಂಜೆಕ್ಷನ್ ಸಾಕೇ ಎಂಬುದನ್ನು ಅಮೆರಿಕದ ಸಂಶೋಧನಾ ಜಾಲವೊಂದು 305 ರೋಗಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಹೌದು ಎಂದಿತು: ಎರಡು ವರ್ಷದ ಕೊನೆಗೆ ದೃಷ್ಟಿ ಲೇಸರಿನವರಿಗಿಂತ ಕಡಿಮೆಯಿರಲಿಲ್ಲ, ಅಂಚಿನ ನೋಟ ಹೆಚ್ಚು ಉಳಿದಿತ್ತು. ಆದರೆ ಅದು ತಿಂಗಳು ತಿಂಗಳು ತಪ್ಪದೆ ಬಂದವರ ಲೆಕ್ಕ. ಮದ್ದಿನ ಗುಣ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ, ಲೇಸರಿನ ಕಲೆ ಹೋಗುವುದಿಲ್ಲ. ನಡುವೆ ಆರು ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆ ತಪ್ಪಿಸಿಕೊಂಡು ಮರಳಿದವರನ್ನು ಫಿಲಡೆಲ್ಫಿಯಾದ ವೈದ್ಯರು ಹೋಲಿಸಿ ನೋಡಿ 2019ರಲ್ಲಿ ಪ್ರಕಟಿಸಿದರು. ಬರೀ ಇಂಜೆಕ್ಷನ್ ಪಡೆದಿದ್ದವರ ಕಣ್ಣುಗಳು ಲೇಸರಿನವರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದವು, ಅಕ್ಷಿಪಟಲ ಕಿತ್ತುಬಂದದ್ದೂ ಅವರಲ್ಲೇ ಹೆಚ್ಚು. ಬಸ್ಸು ಹಿಡಿದು, ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬರಬೇಕಾದ ರೋಗಿ ಮುಂದಿನ ತಿಂಗಳು ಬಂದೇ ಬರುತ್ತಾನೆಂಬ ಖಾತ್ರಿ ಇಲ್ಲದಿದ್ದಾಗ, ಹೊಸ ನಾಳ ಹುಟ್ಟಿರುವ ಕಣ್ಣಿಗೆ ವೈದ್ಯರು ಇಂದಿಗೂ ಮೊದಲು ಲೇಸರನ್ನೇ ಹೊಡೆಯುತ್ತಾರೆ.